ಮಗ್ಗ ನಿಂತರೂ ನಿಲ್ಲದ ಸದ್ದು: ಬೆಟಗೇರಿಯ ನೇಕಾರರೊಬ್ಬರ ಕಿವಿಮೊರೆತ ಮತ್ತು ಮನೆಮದ್ದುಗಳ ಪ್ರಕರಣ

ಇದು ಒಬ್ಬರ ಆಸ್ಪತ್ರೆ ದಾಖಲೆಯ ನಕಲಲ್ಲ. ಮಗ್ಗದ ಊರುಗಳಲ್ಲಿ ಮತ್ತೆ ಮತ್ತೆ ಕಾಣುವ ಸ್ಥಿತಿಯನ್ನು ಒಬ್ಬ ನೇಕಾರರ ಪ್ರಕರಣವಾಗಿ ಜೋಡಿಸಿ ಬರೆದದ್ದು. ಕಿವಿ ಗುಂಯ್ ಅಂದ ಕೂಡಲೇ ಎಣ್ಣೆ ಬಿಸಿ ಮಾಡುವ ಮನೆಯವರು ಓದಲಿ ಎಂಬುದೇ ಉದ್ದೇಶ.

ಬಂದಾಗಿನ ಸ್ಥಿತಿ

ವಯಸ್ಸು 47. ಗದಗ-ಬೆಟಗೇರಿಯ ಪವರ್‌ಲೂಮ್ ಶೆಡ್ಡಿನಲ್ಲಿ 24 ವರ್ಷದ ದುಡಿಮೆ, ದಿನಕ್ಕೆ 10 ತಾಸು, ವಾರಕ್ಕೆ 6 ದಿನ. ಎರಡು ವರ್ಷದಿಂದ ಎರಡೂ ಕಿವಿಯಲ್ಲಿ ಜೀರುಂಡೆ ಕೂಗಿದಂಥ ಸಣ್ಣ ಸದ್ದಿತ್ತು. ಮುಂಗಾರು ಹಿಡಿದ ಮೇಲೆ, ಮೂರು ತಿಂಗಳಿಂದ, ಬಲಗಿವಿಯಲ್ಲಿ ಅದು ಜೋರಾಯಿತು. ಜೊತೆಗೆ ಕಿವಿ ಕಟ್ಟಿದಂತೆ, ಒಳಗೆ ತುರಿಕೆ. ಅವರದೇ ಮಾತಿನಲ್ಲಿ: "ಮಗ್ಗ ನಿಂತ್ರೂ ಕಿವ್ಯಾಗಿನ ಮಗ್ಗ ನಿಂದರವಲ್ದುರಿ. ರಾತ್ರಿ ಎರಡಕ್ಕ ಎಚ್ಚರ ಆದ್ರ ಬೆಳಕ ಹರಿಯೂತನಕ ನಿದ್ದಿ ಇಲ್ಲ."

ಮೂರು ತಿಂಗಳಲ್ಲಿ ಮನೆಯಲ್ಲಿ ನಡೆದ ಚಿಕಿತ್ಸೆಯ ಕ್ರಮ ಹೀಗಿತ್ತು. ಮೊದಲು ಬಡ್ಸ್‌ನಿಂದ ತುರಿಸಿದ್ದು, ಬಡ್ಸ್ ಸಿಗದಾಗ ಕಡ್ಡಿಪೆಟ್ಟಿಗೆಯ ಕಡ್ಡಿ. ಆಮೇಲೆ ಎರಡು ಚಮಚ ಕುಸುಬಿ ಎಣ್ಣೆಯಲ್ಲಿ ನಾಲ್ಕು ಎಸಳು ಬಳ್ಳೊಳ್ಳಿ ಕೆಂಪಗೆ ಕಾಯಿಸಿ, ರಾತ್ರಿ ಐದಾರು ಹನಿಯಂತೆ ಮೂರು ವಾರ. ಮೊದಲ ಎರಡು ದಿನ "ಭಾಳ ಹಗುರಾತು" ಅನ್ನಿಸಿತು, ಮೂರನೆಯ ದಿನದಿಂದ ಕಿವಿ ಪೂರ್ತಿ ಕಟ್ಟಿತು. ಆಗ ಪಕ್ಕದ ಮನೆಯ ಅಜ್ಜಿ ಹೇಳಿದಂತೆ ಉಳ್ಳಾಗಡ್ಡಿ ರಸ. ಉರಿ ತಡೆಯಲಾಗದೆ ಎರಡೇ ದಿನಕ್ಕೆ ಬಿಟ್ಟರು. ಕೊನೆಗೆ ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಂಡ ಆಂಟಿಬಯಾಟಿಕ್-ಸ್ಟಿರಾಯ್ಡ್ ಬೆರೆತ ಹನಿ, ಹತ್ತು ದಿನ. ಇದರ ನಡುವೆ ಫೋನಿನಲ್ಲಿ ನೋಡಿ ತರಿಸಿದ ಗಿಂಕೊ ಎಂಬ ಮರದ ಎಲೆಯ ಸಾರದ ಮಾತ್ರೆ ಒಂದು ಡಬ್ಬಿ.

ಇಷ್ಟೆಲ್ಲ ಆದ ಮೇಲೆ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಬಂದರು. ಕ್ರಮ ತಿರುಗಾಮುರುಗಾ ಆಗಿತ್ತು. ಕಿವಿಯ ಒಳಗೆ ಏನಿದೆ ಎಂದು ಬೆಳಕು ಬಿಟ್ಟು ನೋಡುವ ಎರಡು ನಿಮಿಷದ ಕೆಲಸ ಮೂರು ತಿಂಗಳು ತಡವಾಗಿ ನಡೆಯಿತು.

ಒಳಗೆ ಕಂಡದ್ದು

ಬಲಗಿವಿಯ ನಾಳದಲ್ಲಿ ಗುಗ್ಗೆ ಮತ್ತು ಎಣ್ಣೆ ಕಲಸಿಕೊಂಡ ಮುದ್ದೆ. ಅದರ ಹಿಂದೆ ಒದ್ದೆಯಾದ ಪತ್ರಿಕೆ ಕಾಗದದಂಥ ಬೂದು ಪದರ, ಮೇಲೆ ಕರಿ ಚುಕ್ಕೆ. ಇದು ಶಿಲೀಂಧ್ರದ ಸೋಂಕು, ವೈದ್ಯರ ಭಾಷೆಯಲ್ಲಿ ಓಟೋಮೈಕೋಸಿಸ್. ಕರಿ ಚುಕ್ಕೆ ಸಾಮಾನ್ಯವಾಗಿ ಆಸ್ಪರ್ಜಿಲಸ್ ನೈಗರ್ ಎಂಬ ಬೂಷ್ಟಿನದು. ನಾಳದ ಚರ್ಮ ಕೆಂಪಾಗಿ ಊದಿತ್ತು. ಎಡಗಿವಿಯಲ್ಲಿ ಸ್ವಲ್ಪ ಗುಗ್ಗೆ ಬಿಟ್ಟರೆ ಏನೂ ಇರಲಿಲ್ಲ.

ತಟ್ಟಿದರೆ ಒಂದೇ ಸ್ವರ ಹೊಮ್ಮಿಸುವ ಲೋಹದ ಕವೆ, 512 ಹರ್ಟ್ಸ್ ಟ್ಯೂನಿಂಗ್ ಫೋರ್ಕನ್ನು ಹಣೆಯ ಮೇಲಿಟ್ಟಾಗ ಸದ್ದು ಬಲಗಿವಿಗೇ ಓಡಿತು. ಬಲಗಿವಿಯ ಹಿಂದಿನ ಎಲುಬಿಗೆ ಒತ್ತಿದಾಗ ಕೇಳಿದಷ್ಟು ಜೋರಾಗಿ ಕಿವಿಯ ಮುಂದೆ ಹಿಡಿದಾಗ ಕೇಳಲಿಲ್ಲ. ಅರ್ಥ ಇಷ್ಟು: ಬಲಗಡೆ ಸದ್ದು ಒಳಹೋಗುವ ದಾರಿಯೇ ಕಟ್ಟಿದೆ. ಇದರ ಒರಟು ರೂಪವನ್ನು ಮನೆಯಲ್ಲೂ ನೋಡಬಹುದು. ಬಾಯಿ ಮುಚ್ಚಿ "ಮ್‌‌" ಎಂದು ಗುನುಗಿ. ಸದ್ದು ಒಂದೇ ಕಿವಿಗೆ ಸರಿದರೆ ಎರಡು ಕಿವಿ ಸಮ ಇಲ್ಲ. ಒಂದೋ ಆ ಕಿವಿ ಕಟ್ಟಿದೆ, ಇಲ್ಲವೇ ಇನ್ನೊಂದು ಕಿವಿಯ ನರದ ಕೇಳ್ಮೆ ಕುಗ್ಗಿದೆ. ಯಾವುದು ಎಂದು ಗುನುಗು ಹೇಳುವುದಿಲ್ಲ, ಅದನ್ನು ಪರೀಕ್ಷೆಯೇ ಹೇಳಬೇಕು.

ರಕ್ತದೊತ್ತಡ 150/96 ಇತ್ತು. ಅದುವರೆಗೆ ಅವರು ಒಮ್ಮೆಯೂ ನೋಡಿಸಿರಲಿಲ್ಲ. ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್ ಸರಿ ಇದ್ದವು. ಸೊಂಟನೋವಿಗೆ ದಿನವೂ ಡೈಕ್ಲೋಫಿನ್ಯಾಕ್ ನುಂಗುತ್ತಿದ್ದರು, ಆದರೆ ಕೇಳುವತನಕ ಹೇಳಲಿಲ್ಲ. ಈ ಬಗೆಯ ನೋವಿನ ಮಾತ್ರೆಗಳು, ಹೆಚ್ಚು ಪ್ರಮಾಣದ ಆಸ್ಪಿರಿನ್, ಕ್ವಿನೈನ್, ಅಮಿಕಾಸಿನ್ ಮತ್ತು ಜೆಂಟಾಮೈಸಿನ್ ಚುಚ್ಚುಮದ್ದು, ಕೆಲವು ಕ್ಯಾನ್ಸರ್ ಔಷಧಗಳು ಕಿವಿಮೊರೆತ ತರಬಲ್ಲವು ಅಥವಾ ಇದ್ದದ್ದನ್ನು ಹೆಚ್ಚಿಸಬಲ್ಲವು. ಆದ್ದರಿಂದ ಕಿವಿ ತೋರಿಸಲು ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ ಚೀಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಒಂದೊಂದು ಮನೆಮದ್ದೂ ಏನು ಮಾಡಿತು

ಬಡ್ಸ್‌ನಿಂದ ಶುರು ಮಾಡಬೇಕು, ಏಕೆಂದರೆ ಕೆಟ್ಟದ್ದು ಅಲ್ಲಿಂದ. ಕಿವಿನಾಳ ಸುಮಾರು 2.5 ಸೆಂಟಿಮೀಟರ್ ಉದ್ದ. ಗುಗ್ಗೆ ತಯಾರಾಗುವುದು ಅದರ ಹೊರಭಾಗದಲ್ಲಿ ಮಾತ್ರ. ಒಳಗಿನ ಚರ್ಮ ನಾಳದ ತುದಿಯ ತೆಳು ಪರದೆಯಾದ ಕಿವಿತಮಟೆಯಿಂದ ಹೊರಗಡೆಗೆ ನಿಧಾನವಾಗಿ ಸರಿಯುತ್ತ ಹೋಗುತ್ತದೆ, ಗುಗ್ಗೆಯನ್ನೂ ಹೊತ್ತು ತರುತ್ತದೆ. ಕಿವಿ ತನ್ನನ್ನು ತಾನೇ ಗುಡಿಸಿಕೊಳ್ಳುವ ಅಂಗ. ಬಡ್ಸ್ ಆ ಗುಗ್ಗೆಯನ್ನು ಮತ್ತೆ ಒಳಗೆ, ತಮಟೆಯ ಬುಡಕ್ಕೆ ದೂಡುತ್ತದೆ. ಕಡ್ಡಿ ಚರ್ಮ ಗೀರುತ್ತದೆ. ಗೀರಿದ ಚರ್ಮ, ಮಳೆಗಾಲದ ತೇವ, ಮೇಲೆ ಎಣ್ಣೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಹೊಲ ಇಲ್ಲ.

ಬಳ್ಳೊಳ್ಳಿ ಎಣ್ಣೆ ಮೊದಲ ಎರಡು ದಿನ ಗುಣ ಕೊಟ್ಟದ್ದು ಸುಳ್ಳಲ್ಲ. ಬೆಚ್ಚಗಿನ ಎಣ್ಣೆ ಯಾವುದೇ ಇರಲಿ, ಒಣಗಿದ ಗುಗ್ಗೆಯನ್ನು ಮೆತ್ತಗೆ ಮಾಡುತ್ತದೆ. ಗುಗ್ಗೆಯಿಂದಲೇ ಕಿವಿ ಕಟ್ಟಿ ಗುಂಯ್‌ಗುಟ್ಟುತ್ತಿದ್ದವರಿಗೆ ಅದರಿಂದ ನಿಜವಾಗಿಯೂ ವಾಸಿ ಆಗುತ್ತದೆ. ಓಣಿಯಲ್ಲಿ "ನಂಗ ಬಳ್ಳೊಳ್ಳಿ ಎಣ್ಣಿಲೇ ಹೋತು" ಅನ್ನುವವರ ಕಾರಣ ಬಹುಮಟ್ಟಿಗೆ ಇದೇ. ಗುಣ ಬಳ್ಳೊಳ್ಳಿಯದಲ್ಲ. ಹಸಿ ಬಳ್ಳೊಳ್ಳಿ ಚರ್ಮವನ್ನು ಸುಡುವಷ್ಟು ಖಾರ. ಎಸಳನ್ನೇ ಕಿವಿಯಲ್ಲಿ ಇಡುವವರಿಗೆ ಗುಳ್ಳೆ ಏಳುತ್ತದೆ. ಇನ್ನು ಎಣ್ಣೆಯ ಬಿಸಿ. ಬಳ್ಳೊಳ್ಳಿ ಕೆಂಪಾಗುವ ಹೊತ್ತಿಗೆ ಎಣ್ಣೆ ಕುದಿಯುವ ನೀರಿಗಿಂತ ಎಷ್ಟೋ ಬಿಸಿ ಇರುತ್ತದೆ. ಚಮಚದ ಅಂಚು ಆರಿದಂತೆ ಕಂಡರೂ ನಡುವಿನ ಎಣ್ಣೆ ಆರಿರುವುದಿಲ್ಲ. 60 ಡಿಗ್ರಿ ಬಿಸಿ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ದೇಹದ ಬಿಸಿಗಿಂತ ಹೆಚ್ಚು ಬಿಸಿ ಅಥವಾ ತಣ್ಣಗಿನ ದ್ರವ ಕಿವಿಗೆ ಹೋದರೆ ಒಳಗಿವಿಯ ಸಮತೋಲದ ಅಂಗ ಕೆರಳಿ ತಲೆ ಗಿರ್ ಅಂತ ತಿರುಗುವುದೂ ಉಂಟು.

ಉಳ್ಳಾಗಡ್ಡಿ ರಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಣ್ಣಲ್ಲಿ ನೀರು ತರಿಸುವ ರಸ ಗೀರಿದ ಚರ್ಮಕ್ಕೆ ಬಿದ್ದರೆ ಉರಿಯದೆ ಇನ್ನೇನು?

ಅಂಗಡಿಯ ಹನಿ ಮಾಡಿದ ಹಾನಿ ಎಣ್ಣೆಗಿಂತ ದೊಡ್ಡದು. ಆಂಟಿಬಯಾಟಿಕ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಬೂಷ್ಟನ್ನಲ್ಲ. ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಬೂಷ್ಟಿಗೆ ಪೈಪೋಟಿ ಇಲ್ಲ. ಸ್ಟಿರಾಯ್ಡ್ ಚರ್ಮದ ಕಾವಲನ್ನು ತಗ್ಗಿಸುತ್ತದೆ, ತುರಿಕೆಯನ್ನೂ ನಾಲ್ಕು ದಿನ ಅಡಗಿಸುತ್ತದೆ. ರೋಗಿಗೆ ಗುಣ ಕಂಡಂತೆ ಆಗುತ್ತದೆ, ಒಳಗೆ ಪದರ ದಪ್ಪವಾಗುತ್ತದೆ. ಮೇಲಾಗಿ ತಮಟೆಯಲ್ಲಿ ತೂತಿದ್ದರೆ ಕೆಲವು ಆಂಟಿಬಯಾಟಿಕ್ ಹನಿಗಳು ಒಳಗಿವಿಯನ್ನೇ ಕೆಡಿಸಬಲ್ಲವು. ತಮಟೆ ನೋಡದೆ ಹನಿ ಹಾಕಬಾರದು ಎನ್ನುವುದು ಅದಕ್ಕೇ.

ಗಿಂಕೊ, ಸತು, ಮೆಲಟೋನಿನ್ ಮುಂತಾದ ಪೂರಕಗಳನ್ನು ದೀರ್ಘಕಾಲದ ಕಿವಿಮೊರೆತಕ್ಕೆ ಸೂಚಿಸಬಾರದು ಎಂದು ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರ ಅಕಾಡೆಮಿ 2014ರ ಮಾರ್ಗಸೂಚಿಯಲ್ಲೇ ಹೇಳಿದೆ. ಗಿಂಕೊ ರಕ್ತ ತೆಳು ಮಾಡುವ ಮಾತ್ರೆಗಳ ಜೊತೆ ಸೇರಿದರೆ ರಕ್ತಸ್ರಾವದ ಅಪಾಯವೂ ಇದೆ. ಆ ಡಬ್ಬಿಯನ್ನು ಅಲ್ಲಿಗೇ ಬಿಡಿಸಲಾಯಿತು.

ಬಲಗಿವಿಯ ಮೂರು ಪದರ

ಮೊದಲ ಭೇಟಿಯಲ್ಲಿ ಹೀರಿ ತೆಗೆಯುವ ಸಕ್ಷನ್‌ನಿಂದ ಅರ್ಧ ಮಾತ್ರ ತೆಗೆಯಲಾಯಿತು, ನೋವಿಗೆ ಅವರು ತಡೆಯಲಿಲ್ಲ. ನಾಲ್ಕು ದಿನ ಬಿಟ್ಟು ಉಳಿದದ್ದು. ತಮಟೆ ತೂತಿಲ್ಲ ಎಂದು ಖಾತ್ರಿ ಆದ ಮೇಲೆ ಶೇ. 1ರ ಕ್ಲೋಟ್ರಿಮಜೋಲ್ ಹನಿ ಬರೆದುಕೊಟ್ಟರು, ಎರಡು ವಾರ. ಐದನೆಯ ದಿನಕ್ಕೇ ತುರಿಕೆ ನಿಂತಿತ್ತು, ಹಾಗಂತ ಹನಿ ನಿಲ್ಲಿಸಿದ್ದರೆ ಬೂಷ್ಟು ಮತ್ತೆ ಮೊಳೆಯುತ್ತಿತ್ತು. ತಲೆಗೆ ನೀರು ಹಾಕುವಾಗ ವ್ಯಾಸಲೀನ್ ಸವರಿದ ಅರಳೆಯ ಉಂಡೆಯನ್ನು ಕಿವಿಬಾಯಿಗೆ ಇಡುವುದು, ಸ್ನಾನ ಮುಗಿದ ಕೂಡಲೇ ತೆಗೆಯುವುದು. ಒಳಗೆ ಏನನ್ನೂ ಹಾಕಬಾರದು, ಎಣ್ಣೆಯಂತೂ ಸಲ್ಲ.

ಮೂರನೆಯ ವಾರ ಕಿವಿ ಸ್ವಚ್ಛವಾದ ಮೇಲೆ ಶ್ರವಣ ಪರೀಕ್ಷೆ. 250ರಿಂದ 2000 ಹರ್ಟ್ಸ್‌ವರೆಗೆ ಎರಡೂ ಕಿವಿ 15ರಿಂದ 20 ಡೆಸಿಬೆಲ್, ಅಂದರೆ ಸರಿ. ಈ ಅಂಕಿ ಏರಿದಷ್ಟೂ ಕೇಳ್ಮೆ ಕಡಿಮೆ. 3000ಕ್ಕೆ 35. 4000ಕ್ಕೆ ಬಲಗಡೆ 55, ಎಡಗಡೆ 60. 8000ಕ್ಕೆ ಮತ್ತೆ ಸುಧಾರಿಸಿ 30. 4000ದ ಹತ್ತಿರ ಹೀಗೆ ಗುಂಡಿ ಬಿದ್ದ ಗೆರೆ ವರ್ಷಗಟ್ಟಲೆ ಗದ್ದಲದಲ್ಲಿ ದುಡಿದ ಕಿವಿಯ ಗುರುತು.

ಹಾಗಾಗಿ ಈ ಗುಂಯ್‌ಗೆ ಮೂರು ಪದರ ಇದ್ದವು: ಮೇಲೆ ದೂಡಿದ ಗುಗ್ಗೆ, ನಡುವೆ ಬೂಷ್ಟು, ಬುಡದಲ್ಲಿ ಮಗ್ಗದ ಗದ್ದಲ. ಮೇಲಿನ ಎರಡು ಹೋದಾಗ ಬಲಗಿವಿಯ ಸದ್ದು ಎಡಗಿವಿಯ ಮಟ್ಟಕ್ಕೆ ಇಳಿಯಿತು. ಮೂರನೆಯದು ಉಳಿಯಿತು, ಉಳಿಯುವಂಥದ್ದೇ. ಒಳಗಿವಿಯ ಬಸವನಹುಳುವಿನಾಕಾರದ ಕಾಕ್ಲಿಯಾದಲ್ಲಿ ಸದ್ದು ಹಿಡಿಯುವ ಸುಮಾರು 15,000 ಕೂದಲು ಕೋಶಗಳಿರುತ್ತವೆ. ಮನುಷ್ಯರಲ್ಲಿ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. 4000 ಹರ್ಟ್ಸ್ ಕೇಳುವ ಕೋಶಗಳು ಸತ್ತಾಗ ಆ ಭಾಗದಿಂದ ಮಿದುಳಿಗೆ ಸುದ್ದಿ ಬರುವುದು ಕಡಿಮೆಯಾಗುತ್ತದೆ. ಮಿದುಳು ಅಲ್ಲಿನ ವಾಲ್ಯೂಮ್ ಏರಿಸಿಕೊಂಡು ಕಾಯುತ್ತದೆ, ತನ್ನದೇ ನರಗಳ ಸಣ್ಣ ಗದ್ದಲವನ್ನು ಸದ್ದೆಂದು ಕೇಳಿಸಿಕೊಳ್ಳುತ್ತದೆ. ಕಿವಿಮೊರೆತದ ಬಗ್ಗೆ ಇಂದು ಹೆಚ್ಚು ಒಪ್ಪಿತವಾದ ವಿವರಣೆ ಇದು. ಕಿವಿಗೆ ಸುರಿಯುವ ಯಾವ ದ್ರವವೂ ಅಲ್ಲಿಗೆ ಮುಟ್ಟುವುದಿಲ್ಲ, ನಡುವೆ ತಮಟೆ ಇದೆ. ಆಯುರ್ವೇದದಲ್ಲಿ ಕರ್ಣನಾದಕ್ಕೆ, ಅಂದರೆ ಕಿವಿಮೊರೆತಕ್ಕೆ, ಹೇಳುವ ಕರ್ಣಪೂರಣವನ್ನು (ಕಿವಿಗೆ ಎಣ್ಣೆ ತುಂಬುವ ಚಿಕಿತ್ಸೆ) ಮಾಡಿಸುವುದಾದರೂ ತಮಟೆ ನೋಡಿದ ವೈದ್ಯರ ಕೈಯಲ್ಲೇ ಆಗಬೇಕು, ಅಡುಗೆಮನೆಯ ಚಮಚದಲ್ಲಿ ಅಲ್ಲ.

ಪರೀಕ್ಷೆಯ ಇನ್ನೊಂದು ಅಂಕಿ ಅವರಿಗೆ ಔಷಧದಷ್ಟೇ ಕೆಲಸ ಮಾಡಿತು. ಅವರ ಗುಂಯ್ ಎಷ್ಟು ಜೋರು ಎಂದು ಯಂತ್ರದ ಸದ್ದಿನೊಡನೆ ಹೊಂದಿಸಿ ನೋಡಿದಾಗ, ಅವರಿಗೆ ಕೇಳಿಸುವ ಅತಿ ಸಣ್ಣ ಸದ್ದಿಗಿಂತ ಅದು 6 ಡೆಸಿಬೆಲ್ ಮಾತ್ರ ಹೆಚ್ಚಿತ್ತು. ಎಲೆ ಅಲುಗಿದಷ್ಟು. ಮಗ್ಗದಷ್ಟು ಅನ್ನಿಸುತ್ತಿದ್ದುದು ಭಯ ಮತ್ತು ನಿದ್ದೆಗೇಡಿನ ಲೆಕ್ಕ. "ಹಂಗಾರ ಇದು ತಲಿಗೆ ಏರೂದಿಲ್ಲ, ಹುಚ್ಚ ಹಿಡಿಯೂದಿಲ್ಲ ಅಂತೀರಿ" ಎಂದು ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಮನೆಯಲ್ಲಿ ಮಾಡಿದ್ದು

ಈ ಪ್ರಕರಣದಲ್ಲಿ ಕೆಲಸ ಮಾಡಿದ ಮನೆಮದ್ದು ಕಿವಿಗೆ ಹಾಕುವಂಥದ್ದಲ್ಲ, ಕೋಣೆಯಲ್ಲಿ ಇಡುವಂಥದ್ದು. ಕಿವಿಮೊರೆತದ ಶತ್ರು ಗದ್ದಲವೂ ಹೌದು, ಪೂರ್ತಿ ನಿಶ್ಶಬ್ದವೂ ಹೌದು. ರಾತ್ರಿ ಓಣಿ ಮಲಗಿದಾಗ ಮಿದುಳಿಗೆ ಕೇಳಲು ಬೇರೇನೂ ಇರುವುದಿಲ್ಲ, ಒಳಗಿನ ಸದ್ದೇ ದೊಡ್ಡದಾಗುತ್ತದೆ. ಕತ್ತಲಲ್ಲಿ ಮೇಣಬತ್ತಿ ಕಣ್ಣು ಕುಕ್ಕುತ್ತದೆ, ಹಗಲಲ್ಲಿ ಅದೇ ಮೇಣಬತ್ತಿ ಕಾಣುವುದೇ ಇಲ್ಲವಲ್ಲ.

ಹಾಸಿಗೆಯಿಂದ ಒಂದೂವರೆ ಮೀಟರ್ ದೂರದಲ್ಲಿ, ಗೋಡೆಗೆ ಮುಖ ಮಾಡಿ ಟೇಬಲ್ ಫ್ಯಾನ್. ಗಾಳಿ ಬೇಡ, ಸದ್ದು ಬೇಕು. ಫ್ಯಾನ್ ಸಾಲದಿದ್ದರೆ ಫೋನಿನಲ್ಲಿ ಮಳೆ ಅಥವಾ ಜಲಪಾತದ ಸದ್ದು, ಇಲ್ಲವೇ ಎರಡು ಸ್ಟೇಷನ್‌ಗಳ ನಡುವೆ ನಿಲ್ಲಿಸಿದ ರೇಡಿಯೊದ ಸರ್ ಅನ್ನುವ ಸದ್ದು. ಧಾರವಾಡ ಆಕಾಶವಾಣಿಯ ಹಾಡು ಸಂಜೆಗೆ ಚೆನ್ನ, ನಿದ್ದೆ ಹೊತ್ತಿಗೆ ಬೇಡ. ಮಾತು ಮತ್ತು ಹಾಡು ಗಮನ ಎಳೆಯುತ್ತವೆ. ನಲ್ಲಿಯ ಹನಿಯೂ ಬೇಡ, ಬಿಟ್ಟು ಬಿಟ್ಟು ಬರುವ ಸದ್ದಿಗೆ ಮಿದುಳು ಮುಂದಿನ ಹನಿಯನ್ನು ಕಾಯುತ್ತ ಎಚ್ಚರವಿರುತ್ತದೆ.

ಸದ್ದಿನ ಮಟ್ಟ ಇಡೀ ಉಪಾಯದ ತಿರುಳು. ಗುಂಯ್ ಪೂರ್ತಿ ಮುಚ್ಚುವಷ್ಟು ಏರಿಸಬಾರದು. ಹೊರಗಿನ ಸದ್ದು ಮತ್ತು ಒಳಗಿನ ಸದ್ದು ಎರಡೂ ಬೆರೆತು ಕೇಳುವಷ್ಟು, ಗುಂಯ್‌ಗಿಂತ ಒಂದು ಎಳೆ ಕೆಳಗೆ ನಿಲ್ಲಿಸಬೇಕು. ಪೂರ್ತಿ ಮುಚ್ಚಿದರೆ ಮಿದುಳಿಗೆ ಅದನ್ನು ಕೇಳಿಯೂ ಲಕ್ಷಿಸದಿರುವ ರೂಢಿ ಆಗುವುದಿಲ್ಲ. ಇಯರ್‌ಫೋನ್ ಹಾಕಿ ಮಲಗಬಾರದು.

ನಿದ್ದೆಗೆ ಎರಡು ನಿಯಮ. ಬೆಳಿಗ್ಗೆ ದಿನವೂ ಒಂದೇ ಹೊತ್ತಿಗೆ, ಆರಕ್ಕೆ, ಏಳುವುದು. ಹಾಸಿಗೆಯಲ್ಲಿ ಸುಮಾರು 20 ನಿಮಿಷ ನಿದ್ದೆ ಬರದಿದ್ದರೆ ಎದ್ದು ಪಡಸಾಲೆಯಲ್ಲಿ ಕೂತು ನೂಲಿನ ಕಂಡಿಕೆ ಸುತ್ತುವಂಥ ಬೇಸರದ ಕೆಲಸ ಮಾಡಿ, ಕಣ್ಣು ಎಳೆದಾಗ ಮರಳುವುದು. ಗಡಿಯಾರ ಗೋಡೆಯಿಂದ ತೆಗೆಸಲಾಯಿತು. ಚಹಾ ಪೂರ್ತಿ ಬಿಡಿಸಲಿಲ್ಲ. ಚಹಾ ಬಿಟ್ಟರೆ ಕಿವಿಮೊರೆತ ಇಳಿಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ, ಒಮ್ಮೆಲೇ ಬಿಟ್ಟರೆ ತಲೆನೋವು ಮಾತ್ರ ಖಾತ್ರಿ. ಸಂಜೆ ಐದರ ನಂತರದ ಚಹಾ ನಿದ್ದೆ ಕೆಡಿಸುತ್ತದೆಂದು ಅದೊಂದನ್ನು ನಿಲ್ಲಿಸಿದರು.

ಹಲ್ಲು ಕಚ್ಚಿದಾಗ ಅವರ ಗುಂಯ್ ಸ್ವಲ್ಪ ಬದಲಾಗುತ್ತಿತ್ತು. ದವಡೆ, ಕುತ್ತಿಗೆಯ ಸ್ನಾಯು ಬಿಗಿದಿರುವವರಲ್ಲಿ ಹೀಗಾಗುತ್ತದೆ. ಹೆಂಡತಿಗೆ ಶಾಖ ಕೊಡುವ ಆಸೆ ಇದ್ದೇ ಇತ್ತು, ಅದನ್ನು ಕಿವಿಯೊಳಗಿಂದ ಹೊರಗೆ ತಿರುಗಿಸಲಾಯಿತು: ಎರಡು ಹಿಡಿ ಕಲ್ಲುಪ್ಪು ಬೆಚ್ಚಗೆ ಹುರಿದು ದಪ್ಪ ಬಟ್ಟೆಯಲ್ಲಿ ಕಟ್ಟಿ, ಮೊದಲು ತಮ್ಮ ಮುಂಗೈಗೆ ತಾಗಿಸಿ ನೋಡಿ, ದವಡೆಯ ಮೇಲೂ ಕುತ್ತಿಗೆಯ ಹಿಂದೂ ಹತ್ತು ನಿಮಿಷ. ಇದು ಕಿವಿಮೊರೆತ ವಾಸಿ ಮಾಡುವುದಿಲ್ಲ, ಬಿಗಿ ಸಡಿಲಿಸುತ್ತದೆ, ಮಲಗುವ ಮುಂಚೆ ಹಿತವಾಗುತ್ತದೆ. ಅಡಿಕೆ ಜಗಿಯುವುದನ್ನು ಬಿಡಿಸಿದ್ದು ದವಡೆಗೂ ಬಾಯಿಗೂ ಒಳ್ಳೆಯದಾಯಿತು.

ಗುಗ್ಗೆ ಮಾತ್ರ ಇದ್ದು ಸೋಂಕಿಲ್ಲದವರಿಗೆ ಎಣ್ಣೆಯ ಸರಿಯಾದ ರೀತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಔಷಧ ಅಂಗಡಿಯಲ್ಲಿ ಸಿಗುವ ಶುದ್ಧ ಆಲಿವ್ ಎಣ್ಣೆ ಅಥವಾ ಬಾದಾಮಿ ಎಣ್ಣೆ. ಒಲೆಯ ಮೇಲೆ ಇಡಬಾರದು, ಸೀಸೆಯನ್ನು ಅಂಗೈಯಲ್ಲಿ ಐದು ನಿಮಿಷ ಹಿಡಿದರೆ ಸಾಕು. ಮಗ್ಗುಲಾಗಿ ಮಲಗಿ, ಎರಡು-ಮೂರು ಹನಿ, ಐದರಿಂದ ಹತ್ತು ನಿಮಿಷ ಹಾಗೇ ಇದ್ದು, ಹೊರಬಂದದ್ದನ್ನು ಒರೆಸುವುದು. ದಿನಕ್ಕೆ ಎರಡು ಸಲ, ಮೂರರಿಂದ ಐದು ದಿನ. ಗುಗ್ಗೆ ಉಬ್ಬಿ ಒಂದೆರಡು ದಿನ ಕಿವಿ ಇನ್ನಷ್ಟು ಕಟ್ಟಿದಂತೆ ಆಗಬಹುದು, ಹೆದರಬೇಕಿಲ್ಲ. ಕಿವಿ ಸೋರುವವರು, ನೋವಿರುವವರು, ತಮಟೆ ತೂತಾದವರು, ಕಿವಿ ಶಸ್ತ್ರಚಿಕಿತ್ಸೆ ಆದವರು ಇದನ್ನೂ ಮಾಡಬಾರದು. ಸಕ್ಕರೆ ಕಾಯಿಲೆಯವರಿಗೆ ಕಿವಿಯ ಸೋಂಕು ಎಲುಬಿಗೆ ಇಳಿಯುವ ಅಪಾಯ ಇರುವುದರಿಂದ ಅವರು ಮನೆಯಲ್ಲಿ ಕಿವಿಗೆ ನೀರು ಚಿಮ್ಮಿಸುವ ಸಾಹಸಕ್ಕೆ ಹೋಗಬಾರದು.

ಶೆಡ್ಡಿನಲ್ಲಿ

ಲಾಳಿ ಹೊಡೆಯುವ ಪವರ್‌ಲೂಮ್ ಶೆಡ್ಡಿನ ಗದ್ದಲ ಸಾಮಾನ್ಯವಾಗಿ 90 ಡೆಸಿಬೆಲ್ ದಾಟುತ್ತದೆ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಲೆಕ್ಕದಲ್ಲಿ 85 ಡೆಸಿಬೆಲ್‌ಗೆ 8 ತಾಸು ಮಿತಿ. ಮುಂದೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 88ಕ್ಕೆ 4 ತಾಸು, 91ಕ್ಕೆ 2, 94ಕ್ಕೆ 1 ತಾಸು. ಹತ್ತು ತಾಸಿನ ಪಾಳಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಳೆಯುವ ಯಂತ್ರ ಇಲ್ಲದಿದ್ದರೆ ಒಂದು ಗುರುತು ಸಾಕು: ಕೈ ಚಾಚಿದಷ್ಟು ದೂರದಲ್ಲಿ ನಿಂತವರಿಗೆ ಕೂಗಿ ಹೇಳಬೇಕಾದರೆ ಮಿತಿ ದಾಟಿದೆ.

ಅವರು ಅದುವರೆಗೆ ನೂಲಿನ ಚೂರು ತುರುಕಿಕೊಳ್ಳುತ್ತಿದ್ದರು. ನೂಲು, ಅರಳೆ ಹೆಚ್ಚುಕಡಿಮೆ ಏನೂ ತಡೆಯುವುದಿಲ್ಲ. ಅದರ ಬದಲು ಫೋಮ್ ಬಿರಡೆ. ಕೈ ತೊಳೆದು, ಬಿರಡೆಯನ್ನು ಬೆರಳುಗಳ ನಡುವೆ ಸುಕ್ಕಿಲ್ಲದೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಅದು ಉಬ್ಬುವತನಕ 30 ಸೆಕೆಂಡ್ ಬೆರಳಿಂದ ಒತ್ತಿ ಹಿಡಿಯಬೇಕು. ಎದುರಿನಿಂದ ನೋಡಿದಾಗ ಬಿರಡೆ ಹೊರಗೆ ಚಾಚಿಕೊಂಡಿದ್ದರೆ ಸರಿಯಾಗಿ ಕೂತಿಲ್ಲ. ಬೂಷ್ಟು ಹಿಡಿದ ಬಲಗಿವಿ ವಾಸಿ ಆಗುವತನಕ ಒಳಗಿನ ಬಿರಡೆ ಹಾಕುವಂತಿರಲಿಲ್ಲ. ಆ ಮೂರು ವಾರ ಹೊರಗಿನಿಂದ ಮುಚ್ಚುವ ಮಫ್ ಕೊಡಲಾಯಿತು.

ಎಡವಿದ್ದು

ಐದನೆಯ ವಾರ ಅವರು ಗಾಬರಿಯಿಂದ ಬಂದರು: ಗುಂಯ್ ಮತ್ತೆ ಜೋರು. ಕಾರಣ ಬಿರಡೆಯೇ. ಕಿವಿ ಉಳಿಸಿಕೊಳ್ಳುವ ಆಸೆಗೆ ಮನೆಯಲ್ಲೂ, ಮಲಗುವಾಗಲೂ ಅದನ್ನು ಹಾಕಿಕೊಂಡಿದ್ದರು. ಹೊರಗಿನ ಸದ್ದು ನಿಂತು ಒಳಗಿನದು ಏರಿತು. ಬೆರಳಿಂದ ಕಿವಿ ಮುಚ್ಚಿದರೆ ಯಾರಿಗಾದರೂ ಇದು ಗೊತ್ತಾಗುತ್ತದೆ. ಬಿರಡೆ ಶೆಡ್ಡಿಗೆ ಮಾತ್ರ ಎಂದು ತಿದ್ದಿದ ಮೇಲೆ ನಾಲ್ಕೇ ದಿನದಲ್ಲಿ ಇಳಿಯಿತು. ಇನ್ನೊಂದು, ನಡುರಾತ್ರಿ ಕರೆಂಟ್ ಹೋದರೆ ಫ್ಯಾನ್ ನಿಂತು, ಆ ಮೌನಕ್ಕೇ ಎಚ್ಚರ ಆಗುತ್ತಿತ್ತು. ಸೆಲ್ಲಿನ ರೇಡಿಯೊ ತಲೆದಿಂಬಿನಿಂದ ದೂರದಲ್ಲಿ ಹಚ್ಚಿಯೇ ಇಡುವುದರಿಂದ ಅದು ತಪ್ಪಿತು.

ಮನೆಮದ್ದಿಗೆ ಕಾಯಬಾರದ ಕಿವಿಗಳು

ಒಂದೇ ಕಿವಿಯಲ್ಲಿ ನಿಲ್ಲದ ಗುಂಯ್. ನಾಡಿಯ ಬಡಿತದ ತಾಳಕ್ಕೆ ಸರಿಯಾಗಿ ಬರುವ ಸದ್ದು. ಗುಂಯ್ ಜೊತೆ ತಲೆಸುತ್ತು, ಮುಖ ಸೊಟ್ಟಗಾಗುವುದು, ನಾರುವ ಸೋರಿಕೆ, ತಲೆಗೆ ಪೆಟ್ಟು. ಎಲ್ಲಕ್ಕಿಂತ ಅವಸರದ್ದು, ಮೂರು ದಿನದೊಳಗೆ ಏಕಾಏಕಿ ಕೇಳಿಸದಂತಾದ ಕಿವಿ. ಸ್ಟಿರಾಯ್ಡ್ ಚಿಕಿತ್ಸೆ ಅದಕ್ಕೆ ಮೊದಲ ಎರಡು ವಾರದೊಳಗೆ, ಆದಷ್ಟು ಮೊದಲ ದಿನಗಳಲ್ಲೇ, ಸಿಗಬೇಕು. ಎಣ್ಣೆ ಹಾಕಿ ನೋಡೋಣ ಅಂದವರು ಆ ದಿನಗಳನ್ನೇ ಕಳೆದುಕೊಳ್ಳುತ್ತಾರೆ. ಗದಗಿನವರಿಗೆ ಜಿಮ್ಸ್ ಸರ್ಕಾರಿ ಆಸ್ಪತ್ರೆ, ಹುಬ್ಬಳ್ಳಿ-ಧಾರವಾಡದವರಿಗೆ ಮೊದಲು ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ ಸರ್ಕಾರಿ ಆಸ್ಪತ್ರೆ ಇದೆ. ಮಾತು ಮತ್ತು ಕೇಳ್ಮೆಯ ತೊಂದರೆಗಳಿಗೆಂದೇ 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯೂ ಇದೆ. ಸದ್ದಿನ ಕಾಟಕ್ಕೆ ಬದುಕೇ ಸಾಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನಾಲ್ಕನೆಯ ತಿಂಗಳು

ಕಿವಿಮೊರೆತದ ಕಾಟ ಅಳೆಯುವ 25 ಪ್ರಶ್ನೆಗಳ ಪಟ್ಟಿಯಲ್ಲಿ ಮೊದಲ ದಿನ ಅವರಿಗೆ 100ಕ್ಕೆ 62 ಬಂದಿತ್ತು, ತೀವ್ರ ವರ್ಗ. ನಾಲ್ಕು ತಿಂಗಳಿಗೆ 28, ಸೌಮ್ಯ. ಅವರೇ ದಿನವೂ ಬರೆದಿಟ್ಟ ಎರಡು ಅಂಕಿ ಇನ್ನೂ ಸ್ಪಷ್ಟ: ಸದ್ದಿನ ಜೋರು ಹತ್ತಕ್ಕೆ 8 ಇದ್ದದ್ದು 5, ಅದರ ಕಾಟ 9 ಇದ್ದದ್ದು 3. ಜೋರಿನ ಇಳಿಕೆ ಹೆಚ್ಚಾಗಿ ಮೊದಲ ಮೂರು ವಾರದಲ್ಲಿ, ಕಿವಿ ಸ್ವಚ್ಛವಾದಾಗ ಆದದ್ದು. ಆಮೇಲೆ ಇಳಿದದ್ದು ಕಾಟ. ರಕ್ತದೊತ್ತಡ ಮಾತ್ರೆಯಿಂದ ಹತೋಟಿಗೆ ಬಂದಿದೆ, ಡೈಕ್ಲೋಫಿನ್ಯಾಕ್ ನಿಂತಿದೆ. ಶ್ರವಣ ಸಾಧನ ಈಗ ಬೇಡ ಎಂದು ನಿರ್ಧಾರ, ಏಕೆಂದರೆ ಎದುರು ಕೂತವರ ಮಾತು ಸರಿಯಾಗಿ ಕೇಳುತ್ತದೆ. 3000ದ ಗೆರೆ ಇನ್ನೂ ಕುಸಿದರೆ ಅದನ್ನು ಮತ್ತೆ ಯೋಚಿಸಬೇಕು. ಕೇಳ್ಮೆ ಕುಗ್ಗಿದವರಿಗೆ ಶ್ರವಣ ಸಾಧನ ಹೊರಗಿನ ಸದ್ದನ್ನು ಮರಳಿಸಿ ಗುಂಯ್ ಅನ್ನೂ ಹಿಂದೆ ಸರಿಸುತ್ತದೆ. ಮುಂದಿನ ಪರೀಕ್ಷೆ ಒಂದು ವರ್ಷಕ್ಕೆ, ಪಾಳಿ ಮುಗಿದು ಕನಿಷ್ಠ 14 ತಾಸು ಗದ್ದಲದಿಂದ ದೂರ ಇದ್ದ ಮೇಲೆ, ಅಂದರೆ ಶೆಡ್ಡಿಗೆ ರಜೆ ಇರುವ ದಿನದ ಮರುಬೆಳಿಗ್ಗೆ.